ಏರಿಯಾ ಗ್ರೂಪಲ್ಲಿ ಡೆಂಗಿ ಡೆಂಗಿ ಅಂತಿದ್ರೆ ಎಷ್ಟು ನಂಬೋದು, ಹೆಂಗೆ ನೋಡೋದು

ಮಳೆ ಶುರುವಾದ್ರೆ ಸಾಕು, ಏರಿಯಾ ವಾಟ್ಸಾಪ್ ಗ್ರೂಪಲ್ಲಿ "ನಮ್ ಕ್ರಾಸಲ್ಲಿ ಡೆಂಗಿ ಜಾಸ್ತಿ ಆಗಿದೆ" ಅನ್ನೋ ಮೆಸೇಜು ಬರುತ್ತೆ. ಪೂರ್ತಿ ನಂಬೋದೂ ಬೇಡ, ತಳ್ಳಿಹಾಕೋದೂ ಬೇಡ.

ಮೊದ್ಲು ಮೆಸೇಜ್ ಎಣಿಸ್ಬೇಡಿ, ಮನೆ ಎಣಿಸಿ. ಒಂದು ಮನೇಲಿ ಮಗುಗೆ ಜ್ವರ ಬಂದಿರುತ್ತೆ, ಚಿಕ್ಕಪ್ಪ ಇನ್ನೊಂದು ಗ್ರೂಪಿಗೆ ಹಾಕ್ತಾರೆ, ಪಕ್ಕದ್ಮನೆಯವ್ರು ಫಾರ್ವರ್ಡ್ ಮಾಡ್ತಾರೆ, ಸಂಜೆ ಹೊತ್ತಿಗೆ ಒಂದೇ ಕೇಸು ಹತ್ತು ಕೇಸ್ ಥರ ಕಾಣುತ್ತೆ. ಅದಕ್ಕೆ ಒಂದು ನೋಟ್‌ಬುಕ್ಕಲ್ಲಿ ಯಾವ ಕ್ರಾಸು, ಜ್ವರ ಶುರುವಾಗಿದ್ದು ಯಾವತ್ತು, ಟೆಸ್ಟ್ ಆಗಿದ್ಯಾ ಇಲ್ವಾ ಇಷ್ಟು ಬರ್ಕೊಳ್ಳಿ, ಹೆಸರು ಬೇಡ. ಪೋಸ್ಟ್ ಹಾಕಿದ ದಿನ ಅಲ್ಲ ಮತ್ತೆ, ಜ್ವರ ಬಂದ ದಿನ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರುತ್ತೆ, ಅದಾದ್ಮೇಲೆ ಟೆಸ್ಟು, ಆಮೇಲೆ ಪೋಸ್ಟು, ಅಂದ್ರೆ ನೀವು ಓದ್ತಿರೋದು ಎಷ್ಟೋ ದಿನದ ಹಿಂದಿನ ಕಥೆ.

"ಪ್ಲೇಟ್‌ಲೆಟ್ ಕಮ್ಮಿ ಆಗಿದೆ" ಅಂದ ತಕ್ಷಣ ಡೆಂಗಿ ಕಾಲಮ್ಮಿಗೆ ಹಾಕ್ಬೇಡಿ, ಬೇರೆ ವೈರಲ್ ಜ್ವರದಲ್ಲೂ ಇಳಿಯುತ್ತೆ. ಡೆಂಗಿ ಪತ್ತೆಗೆ ಮಾಡೋ ರಕ್ತ ಪರೀಕ್ಷೆ ಕೇಳಿ: ಜ್ವರ ಬಂದ ಮೊದಲ 5 ದಿನದೊಳಗೆ ಎನ್‌ಎಸ್‌1, ಆಮೇಲಾದ್ರೆ ಐಜಿಎಂ ಎಲಿಸಾ ಪಾಸಿಟಿವ್ ಬಂದಿದ್ಯಾ ಅಂತ.

ಟೀವಿಲಿ ಸುದ್ದಿ ಬಂದ ವಾರ ಇನ್ನೂ ಹುಷಾರಾಗಿರಿ. 2024ರ ಸೆಪ್ಟೆಂಬರಲ್ಲಿ ಕರ್ನಾಟಕ ಸರ್ಕಾರ ಡೆಂಗಿನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತಲ್ಲ, ಅಂಥ ಸುದ್ದಿ ಬಂದಾಗ ರೋಗ ಹೆಚ್ಚದಿದ್ರೂ ಮಾತು ಹೆಚ್ಚುತ್ತೆ. ಗೂಗಲ್ಲೇ ಇಲ್ಲಿ ಎಡವಿತ್ತು: ಜನ ಏನು ಹುಡುಕ್ತಾರೆ ಅನ್ನೋದ್ರ ಮೇಲೆ ಫ್ಲೂ ಲೆಕ್ಕ ಹಾಕೋ ಗೂಗಲ್ ಫ್ಲೂ ಟ್ರೆಂಡ್ಸ್ 2008ರಲ್ಲಿ ಶುರುವಾಯ್ತು, ಅಮೆರಿಕದಲ್ಲಿ 2012-13ರ ಚಳಿಗಾಲಕ್ಕೆ ಅದು ಹೇಳಿದ್ದು ಅಲ್ಲಿನ ಸರ್ಕಾರಿ ಅಂಕಿಗಿಂತ ಹೆಚ್ಚೂಕಮ್ಮಿ ಎರಡು ಪಟ್ಟು, ಸುದ್ದಿ ನೋಡಿ ಹೆದರಿ ಹುಡುಕಿದೋರೂ ಲೆಕ್ಕಕ್ಕೆ ಸೇರಿದ್ದು ಒಂದು ಕಾರಣ ಅಂತಾರೆ, 2015ರಲ್ಲಿ ನಿಲ್ಲಿಸಿಬಿಟ್ರು.

ನನಗೆ ಜಾಸ್ತಿ ಸಂಕಟ ಆಗೋದು ಗ್ರೂಪಲ್ಲಿ ಇಲ್ದೇ ಇರೋರ ಬಗ್ಗೆ. ಕಟ್ತಿರೋ ಬಿಲ್ಡಿಂಗ್ ಶೆಡ್ಡಲ್ಲಿರೋ ಕೆಲಸಗಾರರು, ಮನೆಕೆಲಸಕ್ಕೆ ಬರೋ ಅಕ್ಕಂದಿರು, ಒಬ್ರೇ ಇರೋ ಅಜ್ಜಿ, ಇವರ ಜ್ವರ ಯಾವ ಪೋಸ್ಟಲ್ಲೂ ಬರಲ್ಲ, ಆದ್ರೆ ಡ್ರಮ್ಮಲ್ಲಿ, ಸಂಪಲ್ಲಿ ನಿಂತ ನೀರಲ್ಲಿ ಸೊಳ್ಳೆ ಹುಟ್ಟೋದು ಅವರ ಪಕ್ಕದಲ್ಲೇ. ಗ್ರೂಪ್ ಸೈಲೆಂಟಾಗಿದೆ ಅಂದ್ರೆ ರೋಗ ಇಲ್ಲ ಅಂತಲ್ಲ. ಹೋಗಿ ಮಾತಾಡ್ಸಿ, ಆಶಾ ಕಾರ್ಯಕರ್ತೆನ ಕೇಳಿ, ಅವ್ರಿಗೆ ಗೊತ್ತಿರೋಷ್ಟು ಯಾವ ಆಪಿಗೂ ಗೊತ್ತಿರಲ್ಲ.

ಒಂದೇ ಕ್ರಾಸಲ್ಲಿ ಒಂದು ವಾರದೊಳಗೆ ಎರಡು ಮೂರು ಮನೆ ಪಾಸಿಟಿವ್ ಕಂಡ್ರೆ ಕಾಯ್ಬೇಡಿ, ಆ ನೋಟ್‌ಬುಕ್ ತಗೊಂಡು ಪ್ರೈಮರಿ ಹೆಲ್ತ್ ಸೆಂಟರಿಗೋ ಸರ್ಕಾರದ "ನಮ್ಮ ಕ್ಲಿನಿಕ್"ಗೋ ಹೋಗಿ ಲಾರ್ವಾ ಸರ್ವೆ, ಅಂದ್ರೆ ನಿಂತ ನೀರಲ್ಲಿ ಸೊಳ್ಳೆ ಮರಿ ಇದ್ಯಾ ಅಂತ ಹುಡುಕೋ ತಪಾಸಣೆ, ಮಾಡ್ಸಿ ಅಂತ ಕೇಳಿ.