ಹಿಮದ ಬೆಟ್ಟದ ಮನೆಗೆ ಮರದ ಬದಲು ನಾನು ಆರಿಸಿಕೊಂಡದ್ದು

ಬೆಟ್ಟದ ಮೇಲಿನ ಮನೆಯ ಹೊರಮೈಗೆ ಮರ ಬೇಡವೆಂದು ನಾನು ತೀರ್ಮಾನಿಸಿದ್ದು ಚಳಿಯ ಕಾರಣಕ್ಕಲ್ಲ. ಚಳಿಗೆ ಮರ ಕೆಡುವುದಿಲ್ಲ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಒಂದಿಷ್ಟು ಬೆಚ್ಚನೆಯ ಹವೆಯೂ ಬೇಕು. ಹೆಪ್ಪುಗಟ್ಟಿಸುವ ಚಳಿಯಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ತೊಂದರೆ ಶುರುವಾಗುವುದು ಹಿಮ ಕರಗುವ ಕಾಲದಲ್ಲಿ. ಗೋಡೆಯ ಬುಡಕ್ಕೆ ಒರಗಿದ ಹಿಮದ ರಾಶಿ ವಾರಗಟ್ಟಲೆ ನೀರು ಜಿನುಗಿಸುತ್ತದೆ, ಕೆಳಗಿನ ಹಲಗೆಗಳು ಒಣಗುವುದೇ ಇಲ್ಲ, ಅಷ್ಟರಲ್ಲಿ ಬಿಸಿಲೂ ಏರುತ್ತದೆ. ಹಳೆಯ ಹೊದಿಕೆಯನ್ನು ಕಳಚಿದಾಗ ಮೇಲಿನ ಹಲಗೆಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಮಂಡಿಯೆತ್ತರಕ್ಕಿಂತ ಕೆಳಗಿನವುಗಳ ಮೇಲೆ ಉಳಿ ಇಟ್ಟು ಒತ್ತಿದರೆ ಸದ್ದೇ ಇಲ್ಲದೆ ಒಳಗಿಳಿಯುತ್ತಿತ್ತು.

ಆದ್ದರಿಂದ ಬದಲಿ ವಸ್ತು ಹುಡುಕುವಾಗ, ಇದು ಎಷ್ಟು ಡಿಗ್ರಿ ಚಳಿ ತಡೆಯುತ್ತದೆ ಎಂದು ನಾನು ಕೇಳಲು ಹೋಗಲಿಲ್ಲ. ಮಾರುವವರು ಕೇಳದಿದ್ದರೂ ಹೇಳುವುದು ಅದನ್ನೇ. ಸದಾ ಮೈನಸ್ 20 ಡಿಗ್ರಿಯಲ್ಲೇ ನಿಂತ ಗೋಡೆ ಒಂದು ಲೆಕ್ಕದಲ್ಲಿ ಸುಖಿ. ಹಗಲಿನ ಬಿಸಿಲಿಗೆ ಶೂನ್ಯವನ್ನು ದಾಟಿ, ಇರುಳಾಗುತ್ತಲೇ ಮತ್ತೆ ಶೂನ್ಯದ ಕೆಳಗೆ ಇಳಿಯುವ ಗೋಡೆಯ ಪಾಡೇ ಬೇರೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ವಸ್ತುವಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ತುಂಬಿಕೊಂಡಿದ್ದರೆ ಆ ಹಿಗ್ಗುವಿಕೆಗೆ ಜಾಗವಿಲ್ಲ. ಒಳಗಿನಿಂದಲೇ ಬಿರುಕು ಬಿಡುತ್ತದೆ. ಹೀಗಾಗಿ ಬೆಟ್ಟದ ಮನೆಯಲ್ಲಿ ಮೊದಲು ಹಾಳಾಗುವುದು ಹೆಚ್ಚಾಗಿ ನೆರಳಿನ ಗೋಡೆಯಲ್ಲ, ಬಿಸಿಲಿಗೆ ಮುಖ ಮಾಡಿದ ಗೋಡೆ. ನಾನು ಕೇಳಿದ ಪ್ರಶ್ನೆಗಳು ಎರಡೇ: ಇದು ಎಷ್ಟು ನೀರು ಕುಡಿಯುತ್ತದೆ, ಕುಡಿದದ್ದು ಎಲ್ಲಿಂದ ಹೊರಹೋಗುತ್ತದೆ?

ಮೊದಲನೆಯದಕ್ಕೆ ಉತ್ತರ ಮನೆಯಲ್ಲೇ ಸಿಕ್ಕಿತು. ಹಲವು ಬಗೆಯ ಹಲಗೆಗಳ ಮಾದರಿ ತುಂಡುಗಳನ್ನು ತರಿಸಿಕೊಂಡು ಪ್ರತಿಯೊಂದನ್ನೂ ಗರಗಸದಿಂದ ಮತ್ತೆ ಕತ್ತರಿಸಿದೆ. ಕಾರ್ಖಾನೆಯಿಂದ ಬಂದ ಅಂಚು ಬಣ್ಣ ಹೀರಿಕೊಂಡು ಮುಚ್ಚಿರುತ್ತದೆ. ಗೋಡೆಯ ಮೇಲೆ, ಕಿಟಕಿಯ ಸುತ್ತ, ಮೂಲೆಗಳಲ್ಲಿ ನೀರಿಗೆ ಬಾಯ್ತೆರೆದು ನಿಲ್ಲುವುದು ನಾವು ಕತ್ತರಿಸಿದ ಅಂಚು. ಪರೀಕ್ಷೆ ಅದಕ್ಕೇ ಆಗಬೇಕು. ಒಣಗಿದ ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿದೆ. ಆಮೇಲೆ ರಾತ್ರಿ ಫ್ರೀಜರಿನಲ್ಲಿ, ಹಗಲು ನೀರಿನ ಬಕೆಟ್ಟಿನಲ್ಲಿ. ಕಾಂಕ್ರೀಟಿಗೆ ಪ್ರಯೋಗಾಲಯಗಳು ಮಾಡುವ ಇಂಥದೇ ಪರೀಕ್ಷೆಯಲ್ಲಿ, ಅಂದರೆ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಸಿ 666 ಪರೀಕ್ಷೆಯಲ್ಲಿ, ಹೆಪ್ಪುಗಟ್ಟಿಸಿ ಕರಗಿಸುವುದನ್ನು 300 ಸಲದವರೆಗೆ ಮಾಡುತ್ತಾರೆ. ನನ್ನದು ಅದರ ಹತ್ತಿರವೂ ಸುಳಿಯುವಂಥದ್ದಲ್ಲ. ಆದರೆ ಕಳಪೆ ಮಾಲನ್ನು ಬೇರ್ಪಡಿಸಲು ಅಷ್ಟೇ ಸಾಕಾಯಿತು. ಒಂದು ಹಗುರವಾದ ಸಿಮೆಂಟ್ ಹಲಗೆಯ ಅಂಚು ಕೆಲವೇ ದಿನಗಳಲ್ಲಿ ಒದ್ದೆಯಾದ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಉಗುರಿನಿಂದ ಮೀಟಿದರೆ ಒಂದು ಪದರ ಕೈಗೇ ಬಂತು. ಒತ್ತಾಗಿ ತಯಾರಿಸಿದ ಫೈಬರ್ ಸಿಮೆಂಟ್, ಅಂದರೆ ನಾರು ಬೆರೆಸಿದ ಸಿಮೆಂಟಿನ ಹಲಗೆಯೂ ನೀರು ಕುಡಿದಿತ್ತು, ತೂಕ ಏರಿತ್ತು. ಆದರೆ ಭೂತಗನ್ನಡಿ ಹಿಡಿದು ನೋಡಿದರೂ ಅಂಚಿನಲ್ಲಿ ಸೀಳಿರಲಿಲ್ಲ. ಗೋಡೆಗೆ ನಾನು ಆರಿಸಿದ್ದು ಅದನ್ನು.

ಪ್ಲಾಸ್ಟಿಕ್ ಹೊದಿಕೆ ನೀರನ್ನೇ ಕುಡಿಯುವುದಿಲ್ಲವಲ್ಲ, ಅದೇ ಆಗಬಹುದಿತ್ತು ಎನ್ನುವವರಿದ್ದಾರೆ. ಆ ಹೊದಿಕೆಯ ಪ್ಲಾಸ್ಟಿಕ್ಕಾದ ಪಿವಿಸಿಯ ರೋಗ ಬೇರೆ. ಉಷ್ಣತೆ ಏರಿಳಿದಂತೆ ಅದು ಹಿಗ್ಗಿ ಕುಗ್ಗುವುದು ವಿಪರೀತ. 4 ಮೀಟರಿನ ಪಟ್ಟಿ, ಚಳಿಯ ಇರುಳಿಗೂ ಬಿಸಿಲು ಬಡಿದ ಹಗಲಿಗೂ ಮೇಲ್ಮೈಯಲ್ಲಿ 60 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ: ಪಿವಿಸಿ 14 ಮಿಲಿಮೀಟರಿನಷ್ಟು ಸರಿಯುತ್ತದೆ, ಉಕ್ಕಿನ ತಗಡು 3 ಮಿಲಿಮೀಟರ್ ಕೂಡ ಇಲ್ಲ. ಸಾಲದ್ದಕ್ಕೆ ಕಡುಚಳಿಯಲ್ಲಿ ಪಿವಿಸಿ ಪೆಡಸಾಗುತ್ತದೆ. ಹಿಮ ಎತ್ತುವ ಸಲಿಕೆಯ ಮೂಲೆ ತಗುಲಿದರೆ ಗಾಜಿನಂತೆ ಚೂರಾಗಬಹುದು. ಎತ್ತರದ ಬಿಸಿಲಿನದೂ ಒಂದು ಪಾತ್ರವಿದೆ. ಪ್ರತಿ 1000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳು ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇಕಡಾ 80ರವರೆಗೆ ಮತ್ತೆ ಗೋಡೆಯ ಕಡೆಗೇ ಎಸೆಯುತ್ತದೆ. ಬಯಲು ಸೀಮೆಯ ಅನುಭವದ ಮೇಲೆ ಬರೆದ ಖಾತರಿ ಪತ್ರವನ್ನು ಇಲ್ಲಿ ಯಥಾವತ್ತಾಗಿ ನಂಬುವುದು ಹೇಗೆ?

ಎರಡನೆಯ ಪ್ರಶ್ನೆಗೆ ಉತ್ತರ ವಸ್ತುವಿನಲ್ಲಿಲ್ಲ, ಜೋಡಣೆಯಲ್ಲಿದೆ. ಫೈಬರ್ ಸಿಮೆಂಟ್ ಹಲಗೆಯನ್ನು ಗೋಡೆಗೆ ಅಂಟಿಸಿ ಬಡಿದರೆ ಅದರ ಬೆನ್ನು ಎಂದೂ ಒಣಗದು. ಗೋಡೆಯ ಮೇಲೆ ಲಂಬವಾಗಿ ರೀಪುಗಳನ್ನು ನಿಲ್ಲಿಸಿ, ಹಲಗೆಯ ಹಿಂದೆ 25 ಮಿಲಿಮೀಟರ್ ಸಂದು ಬಿಟ್ಟು, ಕೆಳಗೂ ಮೇಲೂ ಗಾಳಿಗೆ ದಾರಿ ಮಾಡಿದೆ. ಇಲಿ, ಹುಳು ನುಗ್ಗದಂತೆ ಕೆಳಬಾಯಿಗೆ ತೂತಿನ ತಗಡು. ಕತ್ತರಿಸಿದ ಪ್ರತಿ ಅಂಚಿಗೂ ಹಲಗೆ ಗೋಡೆಗೆ ಏರುವ ಮುನ್ನವೇ ಪ್ರೈಮರ್ ಬಳಿದೆವು. ಏರಿಸಿದ ಮೇಲೆ ಬಳಿಯುತ್ತೇವೆ ಎನ್ನುವ ಕೆಲಸಗಾರರ ಮಾತಿಗೆ ಒಪ್ಪಬೇಡಿ. ಮೇಲಿನಿಂದ ಕಾಣದ ಕೆಳ ಅಂಚಿಗೆ ಕುಂಚ ತಲುಪುವುದೇ ಇಲ್ಲ, ನೀರಿನ ಹನಿ ನೇತಾಡುವುದು ಅಲ್ಲೇ. ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ತೆರೆದ ಜಾಗ, ಸರಿಯಾದ ಮುಖಗವಸು, ಸಾಧ್ಯವಾದರೆ ದೂಳು ಎಳೆಯುವ ಯಂತ್ರ.

ರೀಪು ಯಾವುದರದು ಎಂಬಲ್ಲಿ ಮರದ ಬೆಲೆ ಅರಿವಾಯಿತು. ಮರ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಉಕ್ಕು ಅದಕ್ಕಿಂತ ನೂರಾರು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಕಲಾಯಿ ಮಾಡಿದ ಉಕ್ಕಿನ ಪಟ್ಟಿಯನ್ನು ಒಳಗೋಡೆಗೆ ನೇರವಾಗಿ ಬಿಗಿದರೆ, ನಡುವೆ ಶಾಖ ತಡೆಯುವ ಕಲ್ಲುಣ್ಣೆಯನ್ನು ಎಷ್ಟೇ ದಪ್ಪಕ್ಕೆ ತುಂಬಿದರೂ ಪಟ್ಟಿಯನ್ನು ಹಿಡಿದಿಡುವ ಒಂದೊಂದು ಬ್ರಾಕೆಟ್ ಕೂಡ ಚಳಿ ಒಳನುಗ್ಗುವ ದಾರಿಯಾಗುತ್ತದೆ. ಪ್ರತಿ ಬ್ರಾಕೆಟ್ಟಿನ ಅಡಿಗೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇಟ್ಟೆ, ಸ್ಕ್ರೂಗಳನ್ನೆಲ್ಲ ಸ್ಟೇನ್‌ಲೆಸ್ ಉಕ್ಕಿನದೇ ಬಳಸಿದೆ. ಮರದ ಬದಲಿ ಎಂದರೆ ಮರ ಸುಮ್ಮನೆ ಮಾಡುತ್ತಿದ್ದ ಇಂಥ ಕೆಲಸಗಳಿಗೂ ಬದಲಿ ಹುಡುಕುವುದು.

ಕಿಟಕಿಗೂ ಇದೇ ಲೆಕ್ಕ. ಒಳಗೆ 20 ಡಿಗ್ರಿ ಶಾಖ, ಶೇಕಡಾ 50 ಆರ್ದ್ರತೆ ಇದ್ದರೆ 9 ಡಿಗ್ರಿಯ ಆಸುಪಾಸಿನ ಯಾವ ಮೇಲ್ಮೈಯ ಮೇಲೂ ಹನಿ ಕೂರುತ್ತದೆ. ಸಾದಾ ಅಲ್ಯೂಮಿನಿಯಂ ಚೌಕಟ್ಟು ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹನಿ ಇಳಿದು ಚೌಕಟ್ಟಿನ ಕೆಳಗಿನ ಸಂದಿನಲ್ಲಿ ಹೆಪ್ಪುಗಟ್ಟಿ ಕಿಟಕಿ ತೆರೆಯಲಾಗದಂತೆ ಕಚ್ಚಿಕೊಳ್ಳುತ್ತದೆ. ಗೋಡೆಗೆ ಬೇಡವೆಂದ ಪಿವಿಸಿಯನ್ನು ಸಣ್ಣ ಕಿಟಕಿಗಳಿಗೆ ಒಪ್ಪಿಕೊಂಡೆ: ಉದ್ದ ಕಡಿಮೆ, ಒಳಗೆ ಹಲವು ಗಾಳಿಕೋಣೆಗಳು, ಬಣ್ಣ ಬಿಳಿ. ದೊಡ್ಡ ಕಿಟಕಿಗೆ ಗಾಜುನಾರಿನ ಚೌಕಟ್ಟು, ಏಕೆಂದರೆ ಅದರ ಹಿಗ್ಗುವಿಕೆ ಗಾಜಿನದಕ್ಕೆ ಸಮೀಪ.

ಚಾವಣಿಗೆ ಅಂಚುಗಳನ್ನು ಮಡಚಿ ಒಂದಕ್ಕೊಂದು ಸೇರಿಸುವ ಉಕ್ಕಿನ ತಗಡು. ಅದರ ಅಡಿಯಲ್ಲಿ ಗಾಳಿಯಾಡಬೇಕು. ಇಲ್ಲವಾದರೆ ಮನೆಯ ಶಾಖಕ್ಕೆ ಮೇಲಿನ ಹಿಮ ಕರಗಿ, ತಣ್ಣಗಿನ ಸೂರಿನಂಚಿಗೆ ಬಂದು ಮತ್ತೆ ಗಡ್ಡೆಯಾಗಿ, ಹಿಂದಿನ ನೀರನ್ನು ಅಣೆಕಟ್ಟಿನ ಹಾಗೆ ತಡೆದು ಒಳಗಿಳಿಸುತ್ತದೆ. ಜಾರುವ ಹಿಮ ತಲೆಯ ಮೇಲೆ ಬೀಳದಂತೆ ಬಾಗಿಲ ಮೇಲ್ಗಡೆ ಹಿಮತಡೆ ಪಟ್ಟಿಗಳು ಕಡ್ಡಾಯ.

ಇನ್ನು ಗೋಡೆಯ ಬುಡ. ಅಲ್ಲಿಗೆ ಫೈಬರ್ ಸಿಮೆಂಟನ್ನೂ ಇಳಿಸಲಿಲ್ಲ. ಹಿಮದ ರಾಶಿ ಸಾಮಾನ್ಯವಾಗಿ ನಿಲ್ಲುವ ಎತ್ತರದವರೆಗೆ ಕಾಂಕ್ರೀಟ್ ಪೀಠ ಎತ್ತಿಸಿದೆ, ಅದೂ ಶೇಕಡಾ 5ರಿಂದ 7ರಷ್ಟು ಸೂಕ್ಷ್ಮ ಗಾಳಿಗುಳ್ಳೆಗಳು ಸೇರುವಂತೆ ರಾಸಾಯನಿಕ ಬೆರೆಸಿದ ಕಾಂಕ್ರೀಟ್. ಆ ಗುಳ್ಳೆಗಳು ಹೆಪ್ಪುಗಟ್ಟುವ ನೀರಿಗೆ ಹಿಗ್ಗಲು ಎಡೆ ಕೊಡುತ್ತವೆ. ಕಲಸುವಾಗ ಸಲೀಸಾಗಲೆಂದು ನೀರು ಹೆಚ್ಚು ಸುರಿದರೆ ಈ ಜಾಗರೂಕತೆಯೆಲ್ಲ ವ್ಯರ್ಥ. ಮೇಸ್ತ್ರಿಯ ಪಕ್ಕದಲ್ಲೇ ನಿಲ್ಲಬೇಕಾದ ದಿನ ಅದು. ಹೊರಗಿನ ಮೆಟ್ಟಿಲುಗಳಿಗೆ ಮರದ ಪುಡಿ ಬೆರೆತ ಪ್ಲಾಸ್ಟಿಕ್ ಹಲಗೆ ನೋಡಿದ್ದೆ. ಕೊನೆಗೆ ಹಾಕಿಸಿದ್ದು ಕಲಾಯಿ ಮಾಡಿದ ಉಕ್ಕಿನ ಜಾಲರಿ: ಹಿಮ ಬಹುಪಾಲು ಕೆಳಗೆ ಉದುರಿಹೋಗುತ್ತದೆ, ಬೂಟಿನ ಅಡಿಗೆ ಹಿಡಿತ ಸಿಗುತ್ತದೆ. ನೋಡಲು ಕಾರ್ಖಾನೆಯ ಏಣಿಯಂತಿದೆ ಎಂದು ಮನೆಯವರ ಆಕ್ಷೇಪಣೆ ಇನ್ನೂ ಇದೆ. ನನಗೆ ಜಾರಿ ಬೀಳುವುದಕ್ಕಿಂತ ಅದೇ ವಾಸಿ.

ಹಿಮ ಕರಗಿದ ಮೇಲೆ ಪ್ರತಿ ವರ್ಷ ಕೆಳಗಿನ ಸಾಲಿನ ಹಲಗೆಗಳನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಹಲಗೆ ಠಣ್ಣೆನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂದವಾಗುತ್ತದೆ. ಮೊಳೆಯ ಬದಲು ಸ್ಕ್ರೂ ಬಳಸಿದ್ದು ಇದಕ್ಕೇ: ಕೆಟ್ಟದ್ದೊಂದನ್ನೇ ಬಿಚ್ಚಿ ಬದಲಿಸಬಹುದು. ಅದೇ ಬಣ್ಣದ, ಅದೇ ಸಲ ತಯಾರಾದ ಕೆಲವು ಹಲಗೆಗಳನ್ನು ಮೊದಲೇ ಹೆಚ್ಚುವರಿಯಾಗಿ ತರಿಸಿ ಒಣ ಜಾಗದಲ್ಲಿ ಚಪ್ಪಟೆಯಾಗಿ ಮಲಗಿಸಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅವು ಬಾಗುತ್ತವೆ.