ನಂದಿಬಟ್ಟಲಿನ ರೆಂಬೆ ತಂದು ಕೊಳೆಸಬೇಡಿ

ನಂದಿಬಟ್ಟಲು ಬದುಕೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮಲೆನಾಡಿನ ಮಳೆಗೂ ಬಯಲುಸೀಮೆಯ ಬಿಸಿಲಿಗೂ ಜಗ್ಗದ ಗಿಡ ಅದು. ದೇವಸ್ಥಾನದ ಹಿಂದೆ ಯಾರೂ ನೋಡಿಕೊಳ್ಳದೆ ಬೆಳೆದಿರುತ್ತದೆ, ಆದರೂ ದಿನಾ ನಾಲ್ಕು ಹೂವಾದರೂ ಕೊಡುತ್ತದೆ. ಅಂಥ ಗಿಡದ ರೆಂಬೆಯನ್ನು ನೀವು ಬೇರು ಬರಲಿ ಅಂತ ಆಲೂಗಡ್ಡೆಗೆ ಚುಚ್ಚಿ, ಜೇನುತುಪ್ಪ ಸವರಿ, ಮೇಲೆ ಪ್ಲಾಸ್ಟಿಕ್ ಬಾಟಲಿ ಕವುಚಿ, ಎರಡು ದಿನಕ್ಕೊಮ್ಮೆ ಎತ್ತಿ ನೋಡಿ ಕೊಳೆಸಿಬಿಡುತ್ತೀರಿ. ಆಮೇಲೆ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಅದನ್ನೇ ತರುತ್ತೀರಿ. ಪಕ್ಕದ ಮನೆಯ ಬೇಲಿಯಲ್ಲಿ ಸಿಗುವ ಗಿಡಕ್ಕೆ ದುಡ್ಡು ಯಾಕೆ?

ಮೊದಲು ಗಿಡ ಯಾವುದು ಅಂತ ಗುರುತು ಹಿಡಿಯಿರಿ. ನಮ್ಮ ನೆಂಟರ ಹುಡುಗಿಯೊಬ್ಬಳು ಹೆದ್ದಾರಿ ನಡುವೆ ಇರುವ ಬಿಳಿ ಕಣಗಿಲೆಯನ್ನು ಮುರಿದು ತಂದು, "ನಂದಿಬಟ್ಟಲು ಸಿಕ್ಕಿತು ದೊಡ್ಡಮ್ಮ" ಅಂತ ಕೊಟ್ಟಿಗೆ ಪಕ್ಕದಲ್ಲೇ ನೆಟ್ಟಿದ್ದಳು. ಅವತ್ತೇ ಕಿತ್ತು ಹಾಕಿಸಿದೆ. ಕಣಗಿಲೆ ಪೂರ್ತಿ ವಿಷ. ಎಲೆ, ಕಡ್ಡಿ, ಹೂ ಯಾವುದೂ ದನದ ಬಾಯಿಗೆ ಹೋಗಬಾರದು. ಬೆಳೆದು ನಿಂತ ಕಣಗಿಲೆಗೆ ದನ ಬಾಯಿ ಹಾಕೋದು ಕಡಿಮೆ, ಆದರೆ ಸವರಿದ ಸೊಪ್ಪು ಹುಲ್ಲಿನ ಜೊತೆ ಸೇರಿದರೆ ಅದಕ್ಕೇನು ಗೊತ್ತಾಗುತ್ತದೆ?

ಎಲೆ ನೋಡಿದರೆ ಸಾಕು. ಕಣಗಿಲೆಯದು ಉದ್ದ, ಕಿರಿದು, ದಪ್ಪ ಎಲೆ. ಸಾಮಾನ್ಯವಾಗಿ ಒಂದು ಗಿಣ್ಣಿನಲ್ಲಿ ಮೂರು ಎಲೆ ಇರುತ್ತವೆ. ನಂದಿಬಟ್ಟಲಿನಲ್ಲಿ ಎದುರುಬದುರು ಎರಡೇ ಎಲೆ, ಕಡು ಹಸಿರು, ಎಣ್ಣೆ ಹಚ್ಚಿದಷ್ಟು ಹೊಳಪು. ರೆಂಬೆ ಎರಡಾಗಿ ಕವಲೊಡೆಯುತ್ತಾ ಹೋಗುತ್ತದೆ, ಆ ಕವಲಿನ ಸಂದಿಯಲ್ಲೇ ಮೊಗ್ಗು. ಒಂದು ಸುತ್ತಿನದಾದರೆ ಐದು ಎಸಳು, ಎಲ್ಲವೂ ಒಂದೇ ಕಡೆಗೆ ತಿರುಚಿರುತ್ತವೆ. ತುಂಬು ಎಸಳಿನದೂ ಇದೆ, ನೋಡಲು ಚೆಂದ, ರಾತ್ರಿ ಘಮಘಮ. ಎಲೆ ಕಿತ್ತರೆ ಬಿಳಿ ಹಾಲು ಸುರಿಯಬೇಕು. ಹಾಲು ಬರದಿದ್ದರೆ ಅದು ಯಾವುದೋ ಮಲ್ಲಿಗೆ ಜಾತಿ ಇರಬೇಕು, ಬಿಟ್ಟುಬಿಡಿ.

ನೆಡುವುದು ಆರಿದ್ರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಕೊನೆಗೆ. ಬೇಸಿಗೆಯಲ್ಲಿ ನೆಟ್ಟು ದಿನಕ್ಕೆ ಮೂರು ಸಲ ನೀರು ಹುಯ್ಯುವ ಉಸಾಬರಿ ಬೇಡ. ತೀರಾ ಎಳೆ ಕುಡಿಯೂ ಬೇಡ, ತೊಗಟೆ ಬೂದು ತಿರುಗಿದ ಮುದಿ ಕೊಂಬೆಯೂ ಬೇಡ. ಹಸಿರು ಕಳೆದು ಈಗಷ್ಟೇ ಕಂದಾಗುತ್ತಿರುವ, ಪೆನ್ಸಿಲ್ ದಪ್ಪದ, ಮೊಗ್ಗಿಲ್ಲದ ರೆಂಬೆ ಆರಿಸಿ. ಒಂದು ಗೇಣಿಗಿಂತ ಚೂರು ಜಾಸ್ತಿ ಇರಲಿ. ಕೈಯಲ್ಲಿ ಮುರಿಯಬೇಡಿ, ತೊಗಟೆ ಸಿಗಿಯುತ್ತದೆ. ಹರಿತವಾದ ಕತ್ತಿಯಿಂದ ಗಿಣ್ಣಿನ ಕೆಳಗೆ ಓರೆಯಾಗಿ ಒಂದೇ ಏಟು.

ಇನ್ನು ನಾನು ಹೇಳುವುದನ್ನು ಯಾರೂ ಮಾಡುವುದಿಲ್ಲ. ಹಾಲು ಸೋರುತ್ತಿರುವ ಕಡ್ಡಿಯನ್ನು ಹಾಗೇ ಮಣ್ಣಿಗೆ ಚುಚ್ಚಬಾರದು. ಒಂದು ಹಳೇ ಚೆಂಬಿನಲ್ಲಿ ನೀರಿಟ್ಟು ಕಡಿದ ತುದಿ ಅದ್ದಿ. ನೀರು ಬೆಳ್ಳಗಾಗುತ್ತದೆ. ಚೆಲ್ಲಿ ಬೇರೆ ನೀರು ಹಾಕಿ. ನೀರು ತಿಳಿಯಾಗೇ ಉಳಿಯುವ ತನಕ ಹೀಗೇ ಮಾಡಿ, ಬೇಸರ ಪಡಬೇಡಿ. ಆಮೇಲೆ ಕಡ್ಡಿಗಳನ್ನು ಜಗಲಿಯ ನೆರಳಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಮಲಗಿಸಿ, ಮಧ್ಯಾಹ್ನದವರೆಗೆ ಬಿಡಿ. ಕಡಿದ ಜಾಗ ಮುಟ್ಟಿದರೆ ಬೆರಳಿಗೆ ಅಂಟಬಾರದು, ಅಷ್ಟು ಒಣಗಬೇಕು. ಆಗ ಜರಡಿ ಹಿಡಿದ ಒಲೆ ಬೂದಿಯಲ್ಲಿ ತುದಿ ಒತ್ತಿ. ಕಸ ಸುಟ್ಟ ಬೂದಿ ಬೇಡ, ಕಟ್ಟಿಗೆಯದೇ ಆಗಬೇಕು. ಮೇಲಿನ ತುದಿಗೆ ಗೋಲಿಯಷ್ಟು ಹಸಿ ಸಗಣಿ ಮೆತ್ತಿ, ಮಳೆ ನೀರು ಒಳಗಿಳಿಯುವುದಿಲ್ಲ. ನಮ್ಮತ್ತೆ ಈ ಸಗಣಿ ಉಂಡೆ ಇಲ್ಲದ ಒಂದೇ ಒಂದು ಕಡ್ಡಿ ಕಂಡರೂ ವಾಪಸ್ ಕೀಳಿಸುತ್ತಿದ್ದರು. ಆಗ ಗೊಣಗುತ್ತಿದ್ದೆ, ಈಗ ನಾನೂ ಕೀಳಿಸುತ್ತೇನೆ.

ಹಾಲು ಬಟ್ಟೆಗೆ ತಾಗಿದರೆ ತಕ್ಷಣ ಸೋಪು ಹಾಕಿ ಉಜ್ಜಬೇಡಿ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಹಲಸಿನ ಹಣ್ಣು ಬಿಡಿಸುವಾಗಲೂ ಹೀಗೇ ಅಲ್ವಾ, ಕೈಗೆ ಕತ್ತಿಗೆ ಎಣ್ಣೆ ಹಚ್ಚದೆ ಕೂತು, ಮೇಣ ಅಂಟಿದ ಕತ್ತಿಯನ್ನು ನೇರ ನಲ್ಲಿ ಕೆಳಗೆ ಹಿಡಿಯುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತದೆ. ನಂದಿಬಟ್ಟಲಿನ ಹಾಲು ಕಣ್ಣಿಗೆ ಮಾತ್ರ ಬೀಳಬಾರದು. ಕಣ್ಣುರಿಗೆ ತಂಪು ಅಂತ ಮುಚ್ಚಿದ ಕಣ್ಣಿನ ಮೇಲೆ ಈ ಹೂ ಇಟ್ಟುಕೊಳ್ಳುವುದು ಹಳೇ ರೂಢಿ. ಆಗಲೂ ತೊಟ್ಟು ಗಿಲ್ಲಿ ತೊಳೆದೇ ಇಡುತ್ತಿದ್ದೆವು.

ಮಣ್ಣಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕುಂಡಕ್ಕೆ ಕೆಂಪು ಮಣ್ಣು, ಅದರ ಅರ್ಧ ಮರಳು, ಒಂದು ಹಿಡಿ ಹಳೇ ಗೊಬ್ಬರ. ಹಸಿ ಗೊಬ್ಬರ ಬೇಡ. ಕಡ್ಡಿಗಿಂತ ದಪ್ಪದ ಗೂಟದಿಂದ ಮೊದಲು ತೂತು ಮಾಡಿ, ಇಲ್ಲದಿದ್ದರೆ ಹಚ್ಚಿದ ಬೂದಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ಎರಡು ಗಿಣ್ಣು ಮಣ್ಣೊಳಗೆ ಇರಲಿ, ಕೆಳಗಿನ ಎಲೆ ಎಲ್ಲ ತೆಗೆಯಿರಿ, ಮೇಲೆ ಒಂದು ಜೋಡಿ ಸಾಕು, ಅದನ್ನೂ ಅರ್ಧಕ್ಕೆ ಕತ್ತರಿಸಿ. ಬುಡ ಗಟ್ಟಿಯಾಗಿ ಒತ್ತಿ. ಸೂರಿನ ನೀರು ನೇರವಾಗಿ ಬೀಳದ ಕಡೆ, ನೆರಳಲ್ಲಿ ಇಡಿ.

ಸ್ವಲ್ಪ ದಿನಕ್ಕೆ ಚಿಗುರು ಕಾಣುತ್ತದೆ. ಬೇರು ಬಂತು ಅಂತ ಕುಣಿಯಬೇಡಿ! ಕಡ್ಡಿಯೊಳಗಿನ ಸತ್ವದಲ್ಲೇ ಅದು ಚಿಗುರುತ್ತದೆ. ಬೇರು ಬರಲು ಒಂದು ಒಂದೂವರೆ ತಿಂಗಳಾದರೂ ಬೇಕು. ಎಳೆದು ನೋಡಿದರೆ ಆಗ ತಾನೇ ಬಂದ ಎಳೆ ಬೇರು ಕಿತ್ತುಹೋಗುತ್ತದೆ. ಹೊಸ ಎಲೆ ಮಧ್ಯಾಹ್ನದ ಬಿಸಿಲಿಗೂ ಬಾಡದೆ ನಿಂತರೆ ಆಗ ನೆಲಕ್ಕೆ ಹಾಕಿ, ಗೋಡೆಯಿಂದ ಎರಡು ಮಾರು ದೂರದಲ್ಲಿ. ಪೊದೆ ಚೆನ್ನಾಗಿ ಹರಡಿಕೊಳ್ಳುತ್ತದೆ.

ಮಳೆಗಾಲದಲ್ಲಿ ಬುಡದಲ್ಲಿ ಕಪ್ಪು ಹಿಕ್ಕೆ ಬಿದ್ದಿದ್ದರೆ ಎಲೆ ಎತ್ತಿ ನೋಡಿ, ಬೆರಳಿನಷ್ಟು ದಪ್ಪದ ಹಸಿರು ಹುಳ ಇರುತ್ತದೆ, ಮುಂದೆ ನೀಲಿ ಕಣ್ಣಿನಂಥ ಎರಡು ಬೊಟ್ಟು. ಎಲೆ ಬಣ್ಣದ್ದೇ ಆದ್ದರಿಂದ ಬೇಗ ಕಾಣುವುದಿಲ್ಲ. ಎಳೆ ಗಿಡವನ್ನು ಒಂದೆರಡು ರಾತ್ರಿಯಲ್ಲಿ ಬೋಳು ಮಾಡಿಬಿಡುತ್ತದೆ. ಔಷಧಿ ಹೊಡೆಯಲು ಓಡಬೇಡಿ, ಪೂಜೆಗೆ ಕೊಯ್ಯುವ ಹೂ ಅದು. ಕಡ್ಡಿಯಲ್ಲಿ ಎತ್ತಿ ದೊಡ್ಡ ಗಿಡಕ್ಕೆ ಬಿಡಿ, ಅದು ಎಷ್ಟು ತಿಂದರೂ ತಡೆದುಕೊಳ್ಳುತ್ತದೆ.