ಪಿಕಪ್‌ಗೆ ಬ್ರೇಕ್ ಪ್ಯಾಡ್ ತಗೊಳ್ಳೋ ಮುಂಚೆ

ಪಿಕಪ್ ಓಡಿಸೋ ಅಣ್ಣಂದಿರೇ, ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಬ್ರೇಕ್ ಪ್ಯಾಡ್ ಕೇಳಿದ್ರೆ ಕೌಂಟರ್ ಮೇಲೆ ನಾಲ್ಕೈದು ಡಬ್ಬ ಇಡ್ತಾರೆ. ದಯವಿಟ್ಟು ಬರೀ ರೇಟು ನೋಡಿ ಎತ್ಕೋಬೇಡಿ.

ಮೊದಲು ನಿಮ್ಮ ಲೋಡ್ ಲೆಕ್ಕ ಹಾಕಿ. ಯಶವಂತಪುರ ಯಾರ್ಡ್‌ನಿಂದ ಈರುಳ್ಳಿ ಮೂಟೆ ತುಂಬ್ಕೊಂಡು ಸಿಟಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗೋ ಗಾಡಿಯಲ್ಲಿ ಪ್ಯಾಡ್ ಒತ್ತೋ ಡಿಸ್ಕ್ ತುಂಬಾ ಬಿಸಿಯಾಗುತ್ತೆ. ಅಂಥದ್ದಕ್ಕೆ ಸೆಮಿ ಮೆಟಾಲಿಕ್ (ಲೋಹದ ಚೂರು ಬೆರೆಸಿದ) ಪ್ಯಾಡ್ ಒಳ್ಳೇದು, ಬಿಸಿ ತಡೆಯುತ್ತೆ. ಸ್ವಲ್ಪ ಸದ್ದು, ಕಪ್ಪು ಧೂಳು ಇರುತ್ತೆ, ಇರಲಿ ಬಿಡಿ. ಖಾಲಿ ಗಾಡಿಯೇ ಜಾಸ್ತಿ ಓಡೋದಾದ್ರೆ ಸೆರಾಮಿಕ್ ಪ್ಯಾಡ್ ಸಾಕು. ತೀರಾ ಅಗ್ಗದ ಪ್ಯಾಡ್ ಇಳಿಜಾರಲ್ಲಿ ಕಾದು ಹಿಡಿತ ಬಿಟ್ರೆ, ಹಿಂದಿರೋ ಲೋಡ್ ನಿಮ್ಮನ್ನ ಮುಂದಕ್ಕೆ ತಳ್ಳುತ್ತೆ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಹಳೇ ಪ್ಯಾಡ್ ಕೈಯಲ್ಲೇ ಹಿಡ್ಕೊಂಡು ಹೋಗಿ, ಹೊಸದರ ಪಕ್ಕ ಇಟ್ಟು ಆಕಾರ ನೋಡಿ. ಒಂದೇ ಮಾಡೆಲ್‌ನಲ್ಲೂ ತಯಾರಾದ ವರ್ಷದ ಮೇಲೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕ್‌ಗೆ ಒತ್ತೋ ಭಾಗ) ಬದಲಾಗಿರಬಹುದು, ಆರ್‌ಸಿ ಕೂಡ ಜೊತೆಗಿರಲಿ. ಹಿಂದಿನ ಕಬ್ಬಿಣದ ತಗಡು ಬಿಟ್ಟು ಪ್ಯಾಡ್ ದಪ್ಪ 3 ಮಿ.ಮೀ.ಗೆ ಬಂದಿದ್ರೆ ಕಾಯಬೇಡಿ. ಎಡ, ಬಲ ಎರಡೂ ಒಟ್ಟಿಗೆ ಬದಲಾಯಿಸಿ, ಇಲ್ಲದಿದ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ.

ತಣ್ಣಗಾದ ಡಿಸ್ಕ್ ಅಂಚಿನಲ್ಲಿ ಉಗುರು ಆಡಿಸಿ. ದಿಬ್ಬ ಸಿಕ್ಕಿದ್ರೆ ಮೆಕ್ಯಾನಿಕ್ ಕೈಲಿ ಡಿಸ್ಕ್ ದಪ್ಪ ಅಳೆಸಿ. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್‌ಗೆ ಬ್ರೇಕ್ ಗ್ರೀಸನ್ನೇ ಹಾಕಿಸಿ, ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತೆ.

ಹೊಸ ಪ್ಯಾಡ್ ಹಾಕಿಸಿದ ತಕ್ಷಣ, ಗಾಡಿ ಹೊರಡೋ ಮುಂಚೆಯೇ, ಪೆಡಲ್ ಗಟ್ಟಿಯಾಗೋವರೆಗೂ ಪಂಪ್ ಮಾಡಿ. ಮೊದಲ ಒಂದೆರಡು ದಿನ ಫುಲ್ ಲೋಡ್ ಹಾಕಬೇಡಿ.